ಸಕಲೇಶಪುರ ಕಡೆ ಆರು ಜನ, ಮೂರು ದಿನ, ಮಣ್ಣುದಾರಿ ಬೈಕ್ ರೈಡ್: ಪ್ಲ್ಯಾನ್ ನೋಡಿ ಬೈಯಿರಿ

ಮಣ್ಣುಗಾಲಿ · ಮೇ 28

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನಾವು ಆರು ಜನ. ನಾನು, ನನ್ನ ಭಾವ, ಹಳೆಯ ರೂಮ್‌ಮೇಟ್ ಒಬ್ಬ, ಆಫೀಸಿನ ಮೂವರು. ಮೂರು ಎಕ್ಸ್‌ಪಲ್ಸ್ 200 4ವಿ, ಭಾವನ ಹಿಮಾಲಯನ್ 411, ಒಂದು ಹಿಮಾಲಯನ್ 450, ಒಂದು ಹಳೆಯ 390 ಅಡ್ವೆಂಚರ್. ಜೂನ್ ಮೂರನೇ ವಾರ ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಡುವುದು. ಯಡಿಯೂರಿನಲ್ಲಿ ತಿಂಡಿ. ಸಕಲೇಶಪುರಕ್ಕೆ 220 ಕಿ.ಮೀ., ಹನ್ನೊಂದರೊಳಗೆ ಮುಟ್ಟುತ್ತೇವೆ. ಮಧ್ಯಾಹ್ನದಿಂದಲೇ ಟ್ರೇಲ್ ಶುರು. ಶುಕ್ರವಾರ 40, ಶನಿವಾರ 90, ಭಾನುವಾರ 50 ಕಿ.ಮೀ. ಮಣ್ಣುದಾರಿ. ಭಾನುವಾರ ರಾತ್ರಿ ವಾಪಸ್, ಸೋಮವಾರ ಎಲ್ಲರಿಗೂ ಆಫೀಸು.

ಗೂಗಲ್‌ನ ಉಪಗ್ರಹ ಚಿತ್ರದಲ್ಲಿ ಕಾಡಿನೊಳಗೆ ಕಾಣುವ ದಾರಿಗಳನ್ನೆಲ್ಲ ಗುರುತು ಹಾಕಿದ್ದೇನೆ. ಬಿಸ್ಲೆ ಕಡೆ ಎರಡು, ಕೆಂಪುಹೊಳೆ ಪಕ್ಕ ಒಂದು ಸಿಕ್ಕಿವೆ. ನಮ್ಮಲ್ಲಿ ಇಬ್ಬರು ಮಾತ್ರ ಒಂದು ದಿನದ ಆಫ್‌ರೋಡ್ ತರಬೇತಿ ತೆಗೆದುಕೊಂಡಿದ್ದಾರೆ. ಭಾವನದ್ದೇ ಸ್ವಲ್ಪ ಚಿಂತೆ, 46 ವರ್ಷ, ಹೊಟ್ಟೆ ಇದೆ. ಉಳಿದವರು ನಿಭಾಯಿಸುತ್ತೇವೆ. ತಪ್ಪಿದ್ದರೆ ಹೇಳಿ.

ಸುಮ್ನಿರು_ಮಾರಾಯ · ಮೇ 28

ಜೂನಲ್ಲಿ ಸಕಲೇಶಪುರವಾ? ಬೈಕ್ ಬಿಟ್ಟು ದೋಣಿ ತಗೊಂಡು ಹೋಗಿ ಮಾರಾಯ್ರೆ.

ಹೇಮಾವತಿ_ದಂಡೆ · ಮೇ 28

ನಾನು ಅದೇ ತಾಲ್ಲೂಕಿನವನು, ಕಾಫಿ ತೋಟ ಇದೆ. ಹರೆಯದಲ್ಲಿ ಯೆಜ್ಡಿಯಲ್ಲಿ ಈ ಗುಡ್ಡಗಳನ್ನೆಲ್ಲ ಸುತ್ತಿದವನೇ. ಹಾಗಾಗಿ ಬೈಯಲ್ಲ, ಹೇಳುತ್ತೇನೆ.

ಕೆಂಪುಹೊಳೆ, ಬಿಸ್ಲೆ, ಕಾಗನೇರಿ, ಇವೆಲ್ಲ ಮೀಸಲು ಅರಣ್ಯ. ಬಿಸ್ಲೆ ದಾಟಿದರೆ ಪುಷ್ಪಗಿರಿ ವನ್ಯಧಾಮ. ಮೀಸಲು ಅರಣ್ಯಕ್ಕೆ ಅಪ್ಪಣೆ ಇಲ್ಲದೆ ಬೈಕ್ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ವನ್ಯಧಾಮವಾದರೆ 1972ರ ವನ್ಯಜೀವಿ ಕಾಯ್ದೆ. ಕೇಸು ಬಿದ್ದರೆ ಬೈಕ್ ಕೂಡ ಅವರ ಹತ್ತಿರವೇ ಉಳಿಯುತ್ತದೆ. ಬಿಸ್ಲೆ ಘಾಟಿಯ ಸಾರ್ವಜನಿಕ ರಸ್ತೆಯಲ್ಲಿ ಹೋಗಿ, ಬನ್ನಿ, ಯಾರೂ ಕೇಳಲ್ಲ. ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ.

ಉಪಗ್ರಹ ಚಿತ್ರದಲ್ಲಿ ಕಂಡ ದಾರಿ ಅಂದರೆ ಮೂರರಲ್ಲಿ ಒಂದು. ಇಲಾಖೆಯವರು ಬೆಂಕಿ ಹರಡದಂತೆ ಸವರಿದ ಬೆಂಕಿ ಗೆರೆ, ಆನೆ ನಡೆದ ಜಾಡು, ಇಲ್ಲಾ ಯಾರದೋ ತೋಟದ ಜೀಪ್ ರಸ್ತೆ. ಮೂರಕ್ಕೂ ಮಾಲೀಕರಿದ್ದಾರೆ. ಎರಡನೆಯದರ ಮಾಲೀಕ ಮಾತುಕತೆಗೆ ಸಿಗಲ್ಲ.

ಇನ್ನು ಜೂನ್. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುತ್ತೇವೆ. ಒಂದು ರಾತ್ರಿಗೆ ನಾಲ್ಕು ಇಂಚು ಬಿದ್ದರೆ, ನಿನ್ನೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ ಹಳ್ಳಕ್ಕೆ ಇವತ್ತು ಹಗ್ಗ ಕಟ್ಟಿಕೊಂಡರೂ ಇಳಿಯಲು ಬರಲ್ಲ. ಮಣ್ಣು ಬೆಣ್ಣೆ ಆಗಿರುತ್ತದೆ. ರಕ್ತ ಹೀರುವ ಇಂಬಳದ ಮಾತು ಬೇರೆ.

ಹುಬ್ಳಿಹುಡುಗ · ಮೇ 28

ಏನ್ರೀ ಇದು, ಶುರು ಆಗುವ ಮೊದಲೇ ಕಾಯ್ದೆ ಪುಸ್ತಕ ತೆಗೆದರೆ ಹೆಂಗ್ರೀ? ನಾವು ದಾಂಡೇಲಿ, ಜೋಯಿಡಾ ಕಡೆ ಹತ್ತು ವರ್ಷದಿಂದ ತಿರುಗುತ್ತಿದ್ದೇವೆ. ಯಾರೂ ಇಲ್ಲದ ಗುಡ್ಡಕ್ಕೆ ಪರ್ಮಿಷನ್ ಯಾರನ್ನು ಕೇಳಬೇಕು? ನಾಲ್ಕು ಬೈಕ್ ಹೋಗಿ ಬಂದರೆ ಗುಡ್ಡ ಸವೆಯುತ್ತದೇನು?

ಜೂನ್ ಬೇಡ ಅನ್ನುವುದು ಮಾತ್ರ ಒಪ್ಪುತ್ತೇನೆ.

ಹೇಮಾವತಿ_ದಂಡೆ · ಮೇ 29

ಹುಬ್ಳಿಯವರೇ, ಗುಡ್ಡ ಸವೆಯುತ್ತದೆ. ಹೇಗೆ ಅಂತ ಹೇಳುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳು. ನಮ್ಮ ತೋಟದ ಮೇಲಿನ ಹುಲ್ಲುಗುಡ್ಡಕ್ಕೆ ಒಂದು ತಂಡ ಹತ್ತಿತು. ಏಳೋ ಎಂಟೋ ಬೈಕ್. ಹುಡುಗರು ಒಳ್ಳೆಯವರೇ, ಇಳಿದು ಬಂದಾಗ ನಗುತ್ತಾ ಮಾತಾಡಿಸಿ ನೀರು ಕೇಳಿ ಕುಡಿದರು. ಒಂದು ಕಡಿದಾದ ಏರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಹತ್ತಿದ್ದರು. ಹಿಂದಿನ ಚಕ್ರ ಸುತ್ತಿ ಸುತ್ತಿ ಹುಲ್ಲಿನ ಬೇರು ಕಿತ್ತು ಒಂದು ಗೀರು ಬಿದ್ದಿತ್ತು. ಆಳ ಒಂದು ಗೇಣು ಇರಬಹುದು. ನಾನೂ ದೊಡ್ಡದು ಮಾಡಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಗುಡ್ಡದ ಮೇಲೆ ಹರಡಿ ಇಳಿಯುತ್ತಿದ್ದ ನೀರಿಗೆ ಒಂದು ದಾರಿ ಸಿಕ್ಕಿತು. ಆಗಸ್ಟ್ ಹೊತ್ತಿಗೆ ಆ ಗೀರು ನನ್ನ ಮೊಣಕಾಲು ಮುಳುಗುವಷ್ಟು ಕೊರಕಲು. ಕೆಂಪು ನೀರೆಲ್ಲ ನೇರ ತೋಟಕ್ಕೆ. ಕಾಫಿ ತೋಟದಲ್ಲಿ ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ಅಂತ ತೆಗೆದಿರುತ್ತೇವೆ. ಮೇಲಿನ ನೀರು, ಎಲೆಗೊಬ್ಬರ ಅಲ್ಲೇ ನಿಂತು ಇಂಗಲಿ ಅಂತ. ಆ ವರ್ಷ ಎರಡು ಎಕರೆಯಲ್ಲಿ ಒಂದು ಗುಂಡಿಯೂ ಉಳಿಯಲಿಲ್ಲ, ಎಲ್ಲ ಹೂಳು. ಅವನ್ನು ಮತ್ತೆ ತೆಗೆಸಲು ಆಳು ಕೂಲಿ ಕೊಟ್ಟವನು ನಾನು. ಗೀರು ಎಳೆದವರಿಗೆ ಇವತ್ತಿಗೂ ಗೊತ್ತಿಲ್ಲ. ತಪ್ಪು ಅವರದೂ ಅಂತ ಹೇಳಲಾರೆ, ಯಾಕೆಂದರೆ ಅವರಿಗೆ ಹೇಳುವವರೇ ಇರಲಿಲ್ಲ.

ಅದಕ್ಕೇ ಕೇಳುವುದು. ಗುಡ್ಡದ ಮೇಲೆ ಯಾರೂ ಇರಲ್ಲ ನಿಜ, ಗುಡ್ಡದ ಕೆಳಗೆ ಇರುತ್ತಾರೆ.

ಹುಬ್ಳಿಹುಡುಗ · ಮೇ 29

ಹಂಗಂದ್ರೆ ನಮ್ಮ ಕಡೆಯೂ ಯಾರೋ ಹೂಳು ತೆಗೆದಿರಬೇಕು. ಸರಿ ಸರ್, ಈ ವಿಷಯಕ್ಕೆ ಬಾಯಿ ಮುಚ್ಚಿದೆ. ಬೇರೆ ವಿಷಯಕ್ಕೆ ತೆಗೆಯುತ್ತೇನೆ.

ಬೇ_ಏರಿಯಾ_ಬಸವ · ಮೇ 29

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ, ಊರು ಅರಸೀಕೆರೆ. ಇಲ್ಲಿ ಹಾಲಿಸ್ಟರ್ ಹಿಲ್ಸ್ ಅಂತ ರಾಜ್ಯ ಸರ್ಕಾರದ್ದೇ ಜಾಗ ಇದೆ, ಬರೀ ಇಂಥ ಬೈಕ್, ಜೀಪ್ ಓಡಿಸುವವರಿಗೆ. ದಾರಿಗಳಿಗೆ ಗುರುತು ಹಾಕಿರುತ್ತಾರೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಸೈಲೆನ್ಸರ್ ಶಬ್ದ 96 ಡೆಸಿಬಲ್ ಮೀರುವ ಹಾಗಿಲ್ಲ. ಕಿಡಿ ಹೊರಗೆ ಹಾರದಂತೆ ತಡೆಯುವ ಜಾಲರಿ ಇರಲೇಬೇಕು, ಒಣಹುಲ್ಲಿಗೆ ಬೆಂಕಿ ಬೀಳುತ್ತದೆ ಅಂತ.

ಹೇಮಾವತಿಯವರು ಹೇಳಿದ ಮಾತಿಗೆ ಒಂದು ಸಾಕ್ಷಿ. ಜೋರು ಮಳೆ ಬಂದರೆ ಇಲ್ಲಿ ಟ್ರೇಲ್ ಮುಚ್ಚಿಬಿಡುತ್ತಾರೆ. ಒದ್ದೆ ಮಣ್ಣಿನಲ್ಲಿ ಚಕ್ರ ಗೀರಿದರೆ ದಾರಿ ಹಾಳು ಅಂತಲೇ. ಮೊದಲ ಸಲ ಗೇಟ್ ಹತ್ತಿರ ಹೋಗಿ ವಾಪಸ್ ಬಂದಾಗ ನನಗೂ ಉರಿದಿತ್ತು.

ಕೆಸರಲ್ಲಿ_ಕಮಲ · ಮೇ 29

ಜಾಗದ ಮಾತಾಯಿತು, ಈಗ ದೂರದ ಮಾತು. ಮಣ್ಣುಗಾಲಿಯವರೇ, 90 ಕಿ.ಮೀ. ಮಣ್ಣುದಾರಿ ಅಂತ ಯಾವ ಲೆಕ್ಕದಲ್ಲಿ ಬರೆದಿರಿ?

ನಾನು ಐದು ಅಡಿ ಎರಡು ಇಂಚು. ಎಕ್ಸ್‌ಪಲ್ಸ್‌ನಲ್ಲಿ ಕೂತರೆ ಒಂದು ಕಾಲಿನ ತುದಿ ಮಾತ್ರ ನೆಲಕ್ಕೆ. ಐದು ವರ್ಷದಿಂದ ಹೊಸಬರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಆರು ಜನ ಹೊಸಬರ ಗುಂಪು ಕಷ್ಟದ ಟ್ರೇಲ್‌ನಲ್ಲಿ ಗಂಟೆಗೆ 5-6 ಕಿ.ಮೀ. ಹೋದರೆ ಹೆಚ್ಚು. ಒಬ್ಬರು ಬಿದ್ದರೆ ಆರೂ ಜನ ನಿಲ್ಲಬೇಕು. ಎತ್ತಬೇಕು, ನೀರು ಕುಡಿಯಬೇಕು, ನಗಬೇಕು, ಫೋಟೊ ತೆಗೆಯಬೇಕು. 15 ನಿಮಿಷ ಹೋಯಿತು. ದಿನಕ್ಕೆ ಹತ್ತು ಸಲ ಅಂದುಕೊಳ್ಳಿ.

ಮತ್ತೆ 220 ಕಿ.ಮೀ. ಹೈವೇ ಓಡಿಸಿ ಅದೇ ಮಧ್ಯಾಹ್ನ ಟ್ರೇಲ್ ಬೇಡವೇ ಬೇಡ. ಕೈ ಮರಗಟ್ಟಿರುತ್ತದೆ. ಅಂಥ ಮಧ್ಯಾಹ್ನ ಮೂರು ಗಂಟೆಗೇ ನಾನು ಕೈ ಮುರಿದುಕೊಂಡಿದ್ದು.

ಹೋಗುವ ಮೊದಲು ಆರೂ ಜನ ಒಂದು ಭಾನುವಾರ ಸರಿಯಾದ ಜಾಗದಲ್ಲಿ ಅಭ್ಯಾಸ ಮಾಡಿ. 2015ರಲ್ಲಿ ಡಾಕಾರ್ ಅನ್ನುವ ಕಠಿಣ ಆಫ್‌ರೋಡ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅವರು ಕೋಲಾರದ ಹತ್ತಿರ ಕಟ್ಟಿದ ಆಫ್‌ರೋಡ್ ತರಬೇತಿ ಜಾಗ ಬಿಗ್ ರಾಕ್‌ನಲ್ಲಿ ಕಲಿಸುತ್ತಾರೆ. ದಯವಿಟ್ಟು ಹೆಸರಘಟ್ಟದ ಹುಲ್ಲುಗಾವಲಿಗೆ ಮಾತ್ರ ಬೈಕ್ ಹತ್ತಿಸಬೇಡಿ. ಅಲ್ಲಿ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ.

ಬೈಕ್ ಓಡಿಸುವುದಕ್ಕಿಂತ ಜಾಸ್ತಿ, ನಿಂತುಹೋದಾಗ ಏನು ಮಾಡಬೇಕು ಅನ್ನುವುದನ್ನು ಕಲಿಯಿರಿ. ಏರಿನ ನಡುವೆ ಎಂಜಿನ್ ಆಫ್ ಆಯಿತು ಅನ್ನಿ. ಎಲ್ಲರೂ ಗಾಬರಿಯಲ್ಲಿ ಕ್ಲಚ್ ಹಿಡಿದು ಮುಂದಿನ ಬ್ರೇಕ್ ಒತ್ತುತ್ತಾರೆ. ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನದು ಸುಮ್ನೆ ಜಾರುತ್ತದೆ, ಬೈಕ್ ಹಿಮ್ಮುಖ ಇಳಿಯುತ್ತದೆ. ಕ್ಲಚ್ ಮುಟ್ಟಬೇಡಿ. ಗೇರಿನಲ್ಲೇ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಗುಡ್ಡದ ಕಡೆಗೆ ಮೆಲ್ಲಗೆ ಬೈಕ್ ಮಲಗಿಸಿ, ಹಿಂದಿನ ಭಾಗ ಎಳೆದು ಮುಖ ಕೆಳಗೆ ತಿರುಗಿಸಿ. ಇದನ್ನು ಸಣ್ಣ ದಿಣ್ಣೆಯಲ್ಲಿ ಹತ್ತು ಸಲ ಮಾಡಿದರೆ ದೊಡ್ಡದರಲ್ಲಿ ಕೈ ತಾನೇ ಮಾಡುತ್ತದೆ.

ಮಣ್ಣುಗಾಲಿ · ಮೇ 30

90 ಅಂತ ಬರೆದಾಗ ಬೆರಳಿಗೆ ನೋವೇನೂ ಆಗಲಿಲ್ಲ ಮೇಡಂ, ಅದೇ ಲೆಕ್ಕ. 😅

ಜೂನ್ ಕೈಬಿಟ್ಟೆವು. ಹಾಗಾದರೆ ಯಾವಾಗ? ಡಿಸೆಂಬರ್?

ಹೇಮಾವತಿ_ದಂಡೆ · ಮೇ 30

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು. ತೋಟದ ರಸ್ತೆಯಲ್ಲಿ ಹೆಂಗಸರು ಮೂಟೆ ಹೊತ್ತು ನಡೆಯುತ್ತಿರುತ್ತಾರೆ, ಟ್ರ್ಯಾಕ್ಟರ್ ಓಡಾಡುತ್ತದೆ, ಕಣದಲ್ಲಿ ಹಣ್ಣು ಹರಡಿರುತ್ತೇವೆ. ಆಗ ಆರು ಬೈಕ್ ಅಂದರೆ ಯಾವ ಬೆಳೆಗಾರನೂ ಗೇಟ್ ತೆಗೆಯಲ್ಲ. ಜನವರಿಯಿಂದ ರೊಬಸ್ಟಾ. ಫೆಬ್ರವರಿ, ಮಾರ್ಚ್ ಹುಲ್ಲು ಒಣಗಿ ಬೆಂಕಿ ಭಯ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ.

ಉಳಿಯುವುದು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ. ಮುಂಗಾರು ಮುಗಿದಿರುತ್ತದೆ, ಹಿಂಗಾರಿನ ಒಂದೆರಡು ಮಳೆ ಬಿದ್ದು ಧೂಳು ಅಡಗಿರುತ್ತದೆ. ಹಳ್ಳದಲ್ಲಿ ನೀರು ಮೊಣಕಾಲಿಗಿಂತ ಕೆಳಗೆ.

ನನ್ನ ತೋಟ ಮತ್ತು ಪಕ್ಕದ ಇಬ್ಬರು ನೆಂಟರ ತೋಟದ ಜೀಪ್ ರಸ್ತೆ, ಮಧ್ಯೆ ಒಂದು ಪಾಳುಬಿದ್ದ ಏಲಕ್ಕಿ ತೋಟ, ಎಲ್ಲ ಸೇರಿ 20-22 ಕಿ.ಮೀ. ಸುತ್ತು ಆಗಬಹುದು. ಒಳ್ಳೆ ಏರು, ಎರಡು ಹಳ್ಳ. ಬನ್ನಿ. ಷರತ್ತು ಮೂರು. ಹುಲ್ಲುಗುಡ್ಡಕ್ಕೆ ಚಕ್ರ ಹತ್ತಬಾರದು. ಬೆಳಗ್ಗೆ ಏಳರ ಮೊದಲು, ಸಂಜೆ ಐದರ ಮೇಲೆ ಎಂಜಿನ್ ಶಬ್ದ ಇರಬಾರದು. ಆನೆ ಈ ಕಡೆ ಇದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬಂದ ದಿನ ಮನೆಯಲ್ಲಿ ಕೂತು ಇಸ್ಪೀಟ್ ಆಡಬೇಕು.

ಮಣ್ಣುಗಾಲಿ · ಮೇ 30

ಸರ್, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಮೂರೂ ಒಪ್ಪಿದೆವು.

ದಾರಿಹೋಕ_77 · ಮೇ 31

ಎಲ್ಲರಿಗೂ ಇಂಥ ತೋಟ ಸಿಗಲ್ಲವಲ್ಲ. ಉಳಿದವರಿಗೆ ಒಂದು ಉಪಾಯ: ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಯಾವ ಊರಿನ ಮಿತಿ, ಯಾರ ಜಮೀನು ಅಂತ ಅಲ್ಲಿಂದ ಹುಡುಕಬಹುದು. ಕೊನೆಗೆ ಆ ಊರಿನ ಟೀ ಅಂಗಡಿಯಲ್ಲಿ ಕೇಳಿದರೆ ಪಹಣಿಗಿಂತ ಬೇಗ ಉತ್ತರ ಸಿಗುತ್ತದೆ.

ಸ್ಪ್ಯಾನರ್_ಶೀನ · ಜೂನ್ 2

ಹಾಸನದಲ್ಲಿ ಗ್ಯಾರೇಜು ನಂದು. ಶನಿವಾರ ಹೋದ ಬೈಕ್‌ಗಳು ಸೋಮವಾರ ನನ್ನ ಹತ್ತಿರವೇ ಬರುವುದು. ಹಾಗಾಗಿ ನಿಮ್ಮ ಟ್ರಿಪ್ ನನಗೆ ಲಾಭವೇ.

ಬೈಕ್ ವಿಷಯ. ಎಕ್ಸ್‌ಪಲ್ಸ್ 159 ಕೆ.ಜಿ., ಹಿಮಾಲಯನ್ 450 ಹತ್ತಿರ ಹತ್ತಿರ 196, 411 ಇನ್ನೂ ಮೂರು ಕೆ.ಜಿ. ಜಾಸ್ತಿ. ರಸ್ತೆಯಲ್ಲಿ ಈ 40 ಕೆ.ಜಿ. ಏನೂ ಅಲ್ಲ. ಕೆಸರಲ್ಲಿ ನಾಲ್ಕನೇ ಸಲ ಎತ್ತುವಾಗ ಅದು ಸಿಮೆಂಟ್ ಚೀಲ. 390 ಒಳ್ಳೆ ಗಾಡಿ, ಆದರೆ ಹಳೆಯದಕ್ಕೆ ಮುಂದೆ 19 ಇಂಚಿನ ಅಲಾಯ್ ಚಕ್ರ, ಕಡ್ಡಿ ಇಲ್ಲದ್ದು. ಕಡ್ಡಿ ಚಕ್ರ ಕಲ್ಲಿಗೆ ಹೊಡೆದರೆ ಸೊಟ್ಟ ಆಗುತ್ತದೆ, ಬಡಿದು ಸರಿ ಮಾಡಬಹುದು. ಅಲಾಯ್ ಸೀಳಿದರೆ ಅಲ್ಲೇ ಮುಗಿಯಿತು. ಅದನ್ನು ಮನೆಯಲ್ಲಿ ಬಿಟ್ಟು ಬನ್ನಿ.

ಏನೇನು ತರಬೇಕು ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 21 ಇಂಚಿನ ಟ್ಯೂಬ್ ಎರಡು. ಹಿಂದಿನ ಚಕ್ರಕ್ಕೆ ಬೇರೆ ಬೇಡ, ತುರ್ತಿಗೆ ಇದೇ ಮಡಚಿಕೊಂಡು ಕೂರುತ್ತದೆ, ಮನೆ ಮುಟ್ಟಿಸುತ್ತದೆ. ಟೈರ್ ಲಿವರ್ ಮೂರು, ಪಂಪ್, ಪ್ಯಾಚ್. ಅವರವರ ಚೈನಿನ ಅಳತೆಯ ಜಾಯಿಂಟ್ ಲಿಂಕ್. ಕ್ಲಚ್, ಬ್ರೇಕ್, ಗೇರ್ ಲಿವರ್ ಒಂದೊಂದು. ಎಂಜಿನ್ ಕೇಸಿಗೆ ಕಲ್ಲು ಬಡಿದು ಎಣ್ಣೆ ಸೋರಿದರೆ ಮೆತ್ತಲು ಎಂ-ಸೀಲ್. ಜಿಪ್ ಟೈ, ಕಟ್ಟುವ ತಂತಿ, ಎಳೆಯಲು ಅಗಲದ ಪಟ್ಟಿ. ಸ್ಪಾರ್ಕ್ ಪ್ಲಗ್ ಮತ್ತು ಅದರ ಪಾನಾ, ಇದನ್ನು ಮರೆತೇ ಬರುತ್ತಾರೆ.

ಗುಟ್ಟೊಂದು. ಹ್ಯಾಂಡಲ್ ಮೇಲಿನ ಲಿವರ್ ಕ್ಲ್ಯಾಂಪ್‌ನ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ಜೋರಾಗಿ ತಳ್ಳಿದರೆ ತಿರುಗುವಷ್ಟು ಬಿಡಿ. ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯಲ್ಲ. ಗಾಳಿ ಮಣ್ಣಿಗೆ ಇಳಿಯುವಾಗ 20 ಪಿಎಸ್‌ಐ ಹತ್ತಿರ ಇರಲಿ, ಇನ್ನೂ ಇಳಿಸಿದರೆ ಕಲ್ಲಿಗೆ ಟ್ಯೂಬ್ ಕಚ್ಚುತ್ತದೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ.

ಮೂಳೆ_ಡಾಕ್ಟ್ರು · ಜೂನ್ 3

ಶೀನ ಅವರೇ, ಶನಿವಾರ ಹೋದವರು ಸೋಮವಾರ ನನ್ನ ಹತ್ತಿರವೂ ಬರುತ್ತಾರೆ. ಮೈಸೂರಿನಲ್ಲಿ ಮೂಳೆ ವೈದ್ಯ, ನಾನೂ ಓಡಿಸುತ್ತೇನೆ.

ಟ್ರೇಲ್‌ನಲ್ಲಿ ವೇಗ ಕಡಿಮೆ, ಹಾಗಾಗಿ ತಲೆಗಿಂತ ಕಾಲು, ಮಣಿಕಟ್ಟು, ಕಾಲರ್ ಮೂಳೆ ಜಾಸ್ತಿ ಪೆಟ್ಟು ತಿನ್ನುತ್ತವೆ. ನಾನು ನೋಡಿದ್ದರಲ್ಲಿ ಮಾಮೂಲಿ ಕಥೆ ಇದು: ಬೈಕ್ ಪಕ್ಕಕ್ಕೆ ಬೀಳುತ್ತದೆ, ಸವಾರ ಕಾಲು ಕೊಟ್ಟು ತಡೆಯಲು ಹೋಗುತ್ತಾನೆ, 160 ಕೆ.ಜಿ. ಪಾದದ ಮೇಲೆ ಕೂರುತ್ತದೆ. ಟ್ರೆಕ್ಕಿಂಗ್ ಶೂ, ಸ್ಪೋರ್ಟ್ಸ್ ಶೂ ಅಂತ ಬಂದವರ ಎಕ್ಸ್‌ರೇ ನನ್ನ ಹತ್ತಿರ ಬೇಕಾದಷ್ಟಿದೆ. ದುಡ್ಡು ಕಡಿಮೆ ಇದ್ದರೆ ಜಾಕೆಟ್ ಅಗ್ಗದ್ದು ತಗೊಳ್ಳಿ. ಬೂಟು ಮತ್ತು ಮೊಣಕಾಲು ಗಾರ್ಡ್‌ನಲ್ಲಿ ಜಿಪುಣತನ ಬೇಡ. ಬೈಕ್ ಬೀಳುತ್ತಿದ್ದರೆ ಬಿಟ್ಟುಬಿಡಿ, ಅದಕ್ಕೆ ಶೀನ ಇದ್ದಾರೆ.

ಜೋರಾಗಿ ಬಿದ್ದವನು ಕುತ್ತಿಗೆ ನೋವು ಅಂದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಎಬ್ಬಿಸಿ ಕೂರಿಸಬೇಡಿ. ಮೂಳೆ ಮುರಿದಿದೆ ಅನ್ನಿಸಿದರೆ ಊಟ, ಕಾಫಿ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. 108ಕ್ಕೆ ಕರೆ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ರೈಡ್ ಶುರುವಾಗುವ ಮೊದಲೇ ಗುರುತು ಮಾಡಿಕೊಳ್ಳಿ. ತೋಟದ ಜೀಪು ಅವತ್ತು ಮನೆಯಲ್ಲೇ ಇರುತ್ತದಾ ಅಂತ ಕೇಳಿ. ಸಕಲೇಶಪುರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಹಾಸನಕ್ಕೆ ಅಲ್ಲಿಂದ ಸುಮಾರು 40 ಕಿ.ಮೀ.

ಹುಬ್ಳಿಹುಡುಗ · ಜೂನ್ 3

ಡಾಕ್ಟ್ರೇ, ಇನ್ಶೂರೆನ್ಸ್ ಬರುತ್ತದೇನ್ರಿ ಇದಕ್ಕೆ? ಸಾಹಸ ಕ್ರೀಡೆಗೆ ಕೊಡಲ್ಲ ಅಂತ ಏಜೆಂಟ್ ಹೆದರಿಸಿದ.

ಮೂಳೆ_ಡಾಕ್ಟ್ರು · ಜೂನ್ 3

ಆರೋಗ್ಯ ವಿಮೆಯ ಸಾಮಾನ್ಯ ಷರತ್ತಿನಲ್ಲಿ ಇರುವುದು ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ಭಾಗವಹಿಸಿದರೆ ಇಲ್ಲ ಅಂತ. ನಾವೆಲ್ಲ ಹವ್ಯಾಸಿಗಳು, ಬೀಳುವುದರಲ್ಲಿ ಮಾತ್ರ ವೃತ್ತಿಪರರು. ಆದರೂ ನಿಮ್ಮ ಪಾಲಿಸಿ ಕಾಗದ ತೆಗೆದು ಓದಿ. ಬೈಕ್ ವಿಮೆಯಲ್ಲಿ ರೇಸಿಂಗ್‌ಗೆ ರಕ್ಷಣೆ ಇಲ್ಲ. ಇನ್ನು ಮಾಲೀಕ-ಚಾಲಕನ ಹೆಸರಿನ 15 ಲಕ್ಷದ ಅಪಘಾತ ವಿಮೆ ಕಟ್ಟಿದ್ದೀರಾ ಅಂತ ನೋಡಿಕೊಳ್ಳಿ. ತುಂಬಾ ಜನ ಮರೆತಿರುತ್ತಾರೆ.

ಮಣ್ಣುಗಾಲಿ · ಸೆಪ್ಟೆಂಬರ್ 21

ಮೂರು ತಿಂಗಳ ಮೇಲೆ ಬಂದಿದ್ದೇನೆ. ಪ್ಲ್ಯಾನ್ ಈಗ ಹೀಗಿದೆ.

ಅಕ್ಟೋಬರ್ ಕೊನೆಯ ವಾರ. ಶುಕ್ರವಾರ ಬರೀ ಪ್ರಯಾಣ, ಸಂಜೆ ತೋಟದ ಮನೆ ಮುಟ್ಟಿ ಮಲಗುವುದು. ಶನಿವಾರ ಒಂದೇ ಸುತ್ತು, 22 ಕಿ.ಮೀ. ಭಾನುವಾರ ಬೆಳಗ್ಗೆ ಮನಸ್ಸಿದ್ದರೆ ಸಣ್ಣ ಸುತ್ತು, ಇಲ್ಲದಿದ್ದರೆ ಕಡುಬು ತಿಂದು ಊರಿಗೆ. 180 ಇದ್ದದ್ದು 22ಕ್ಕೆ ಇಳಿದಿದೆ. 390 ಬರುತ್ತಿಲ್ಲ. ಆರು ಜನಕ್ಕೆ ಐದೇ ಬೈಕ್, ಸರದಿಯಲ್ಲಿ ಒಬ್ಬರು ನಡೆಯುವುದು. ನಡೆಯುವವನ ಹೆಗಲ ಮೇಲೆ ಹಗ್ಗ, ನೀರು, ಔಷಧಿ ಚೀಲ. ಅವನಿಗೆ ಹಗ್ಗದವನು ಅಂತ ಹೆಸರಿಟ್ಟಿದ್ದೇವೆ.

ಕೋಲಾರಕ್ಕೆ ಹೋಗಿ ಬಂದೆವು. ನಿಂತು ಓಡಿಸುವುದು, ಏರಿನಲ್ಲಿ ಬೈಕ್ ಮಲಗಿಸುವುದು ಎರಡೂ ಕಲಿತೆವು. ಮಲಗಿಸುವುದು ಬೇಗ ಬಂತು.

ಒಂದೇ ಜಗಳ ಉಳಿದಿದೆ. ಬೈಕ್‌ಗಳನ್ನು ಪಿಕಪ್‌ನಲ್ಲಿ ಹಾಕಿಕೊಂಡು ಹೋಗೋಣ ಅಂತ ಇಬ್ಬರು. ಓಡಿಸಿಕೊಂಡೇ ಹೋಗಬೇಕು, ಇಲ್ಲದಿದ್ದರೆ ಅದು ರೈಡೇ ಅಲ್ಲ ಅಂತ ಭಾವ.

ಸ್ಪ್ಯಾನರ್_ಶೀನ · ಸೆಪ್ಟೆಂಬರ್ 21

ಕೆಎಲ್‌ಎಕ್ಸ್ 140 ಥರ ಬರೀ ಮಣ್ಣಿಗೆ ಮಾಡಿದ, ನಂಬರ್ ಪ್ಲೇಟೇ ಸಿಗದ ಬೈಕ್ ಇದ್ದರೆ ಪಿಕಪ್ ಬಿಟ್ಟು ದಾರಿ ಇಲ್ಲ. ನಿಮಗೆ ಹೋಗುವಾಗ ಬೇಡ. ಬರುವಾಗ ಬೇಕಾಗಬಹುದು. ನನ್ನ ಹುಡುಗನಿಗೆ ಹೇಳಿಟ್ಟಿರುತ್ತೇನೆ, ಬೇಕಾದರೆ ಫೋನ್ ಮಾಡಿ.

ಮಣ್ಣುಗಾಲಿ · ನವೆಂಬರ್ 4

ಹೋಗಿ ಬಂದೆವು. ಆರೂ ಜನ ಇಡಿಯಾಗಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಶುಕ್ರವಾರ ರಾತ್ರಿ ಅಕ್ಕಿ ರೊಟ್ಟಿ, ಕೋಳಿ ಸಾರು ತಿನ್ನುತ್ತಿರುವಾಗಲೇ ಯಜಮಾನರ ಫೋನಿಗೆ ಮೆಸೇಜ್ ಬಂತು. ಆನೆಗಳು ಹೊಳೆ ಆಚೆಯ ತೋಟದಲ್ಲಿವೆ ಅಂತ. ಈ ಕಡೆ ಬಂದರೆ ಇಸ್ಪೀಟು ಅಂದರು. ಬೆಳಗ್ಗೆ ಆರಕ್ಕೆ ಮತ್ತೆ ಕೇಳಿ ನೋಡಿದರು, ಇನ್ನೂ ಆಚೆಯೇ ಇದ್ದವು. ಏಳೂವರೆಗೆ ಹೊರಟೆವು. ತೋಟದ ರೈಟರ್ (ಆಳುಗಳ ಲೆಕ್ಕ, ಉಸ್ತುವಾರಿ ನೋಡುವವರು) ಮುಂದೆ ಟಿವಿಎಸ್ ಎಕ್ಸ್ಎಲ್‌ನಲ್ಲಿ ದಾರಿ ತೋರಿಸಿದರು. ಅದರ ಬಗ್ಗೆ ಏನೂ ಬರೆಯಲ್ಲ. ನಾವು ಬೂಟು, ಗಾರ್ಡು, ಗಾಗಲ್ಸ್ ಹಾಕಿ ಸಿಕ್ಕಿಬಿದ್ದ ಏರನ್ನು ಅವರು ಹವಾಯಿ ಚಪ್ಪಲಿಯಲ್ಲಿ ಹತ್ತಿ ಮೇಲೆ ಬೀಡಿ ಹಚ್ಚಿ ಕೂತಿದ್ದರು ಅಂತ ಮಾತ್ರ.

ಮೊದಲ ಹಳ್ಳ ಸಲೀಸು. ಎರಡನೆಯದರಲ್ಲಿ ನೀರು ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ತಳದಲ್ಲಿ ಪಾಚಿ ಹಿಡಿದ ಉರುಟು ಕಲ್ಲು. ನಡೆದು ನೋಡಿ ಸಾಲು ಗುರುತು ಮಾಡಿದ್ದೆವು. ಆಫೀಸಿನ ಹುಡುಗ ಅರ್ಧಕ್ಕೆ ಬಂದು, ಮುಂದಿನ ಚಕ್ರ ಕಲ್ಲಿಗೆ ತಾಗಿದ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಟ್ಟ. ಬೈಕ್ ಎಡಕ್ಕೆ ಮಲಗಿತು. ನೀರಿನೊಳಗೆ ಎಂಜಿನ್ ಒಂದು ಸಲ ಗುಳುಕ್ ಅಂದು ನಿಂತಿತು. ಅವನು ಎದ್ದವನೇ ಸೆಲ್ಫ್ ಬಟನ್ ಒತ್ತಲು ಹೋದ. ಆರು ಜನರ ಪೈಕಿ ಭಾವ ಮಾತ್ರ ಕೂಗಿದ್ದು: "ಏಯ್, ಮುಟ್ಟಬೇಡ!" ಎಂಜಿನ್ ಒಳಗೆ ನೀರಿರುವಾಗ ಸ್ಟಾರ್ಟ್ ಮಾಡಿದರೆ ಎಂಜಿನ್ನೇ ಹಾಳು ಅಂತ ಅವರು ಯಾವಾಗ, ಎಲ್ಲಿ ಓದಿ ಬಂದಿದ್ದರೋ ಗೊತ್ತಿಲ್ಲ.

ದಡಕ್ಕೆ ಎಳೆದೆವು. ಸೀಟು ತೆಗೆದರೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಒಂದು ಲೋಟ ನೀರು. ಫಿಲ್ಟರ್ ಬಿಚ್ಚಿ ಬಿಸಿಲಿಗೆ ಇಟ್ಟೆವು. ಪ್ಲಗ್ ತೆಗೆದು ಬೈಕನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿದಾಗ ಸೈಲೆನ್ಸರ್‌ನಿಂದ ಸಣ್ಣಗೆ ನೀರು ಸುರಿಯಿತು. ಆಮೇಲೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದರೆ ಪ್ಲಗ್ ತೂತಿನಿಂದ ಹೋಳಿ ಪಿಚಕಾರಿ ಥರ ಚಿಮ್ಮಿ ನೇರ ಹಗ್ಗದವನ ಮುಖಕ್ಕೆ. ಎಣ್ಣೆ ನೋಡಿದೆವು, ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಪ್ಲಗ್ ಪಾನಾ ಇತ್ತು ಶೀನಣ್ಣ, ನಿಮ್ಮ ಹೆಸರು ಹೇಳಿಕೊಂಡೆವು.

ಇನ್ನು ಯಾರು ಎಷ್ಟು ಓಡಿಸಿದರು ಅಂತ. ಭಾವನದ್ದು ಚಿಂತೆ ಅಂತ ಮೇ ತಿಂಗಳಲ್ಲಿ ಬರೆದಿದ್ದೆ. ಅವರು 199 ಕೆ.ಜಿ. ಇಟ್ಟುಕೊಂಡು ಒಂದೇ ಗೇರಿನಲ್ಲಿ ಎಮ್ಮೆ ನಡೆದಂತೆ ನಡೆದು ಎರಡು ಸಲ ಮಾತ್ರ ಬಿದ್ದರು. ಗುಂಪಿನ ಕೊನೆಯವನು ನಾನು. ಒಂಬತ್ತು ಸಲ ಬಿದ್ದೆ. ಏಲಕ್ಕಿ ತೋಟದ ಏರಿನಲ್ಲಿ ಮೂರನೇ ಸಲ ಬಿದ್ದಾಗ ಕೈ ನಡುಗುತ್ತಿತ್ತು, ಕ್ಲಚ್ ಹಿಡಿಯಲು ಎರಡು ಬೆರಳಿನಲ್ಲಿ ಶಕ್ತಿ ಇರಲಿಲ್ಲ. ಎಲ್ಲರೂ ಮೇಲೆ ಕಾಯುತ್ತಿದ್ದಾರೆ ಅಂತ ನಾಚಿಕೆಗೆ ಜೋರಾಗಿ ಆಕ್ಸಿಲರೇಟರ್ ಕೊಟ್ಟೆ. ಬೈಕ್ ಹತ್ತಲಿಲ್ಲ. ಚಕ್ರ ನಿಂತಲ್ಲೇ ಸುತ್ತಿತು. ಎರಡು ಸಲ, ಮೂರು ಸಲ. ಕೊನೆಗೆ ಇಬ್ಬರು ಇಳಿದು ಬಂದು ಹಗ್ಗ ಹಾಕಿ ಎಳೆದರು. ಸುತ್ತು ಮುಗಿದಾಗ ಮೂರೂಮುಕ್ಕಾಲು. 22 ಕಿ.ಮೀ.ಗೆ ಎಂಟು ಗಂಟೆ. 90 ಅಂತ ಬರೆದಿದ್ದೆನಲ್ಲ, ಅವತ್ತು ರಾತ್ರಿ ಕಾಡಲ್ಲೇ ಇರುತ್ತಿದ್ದೆವು.

ಸಂಜೆ ಯಜಮಾನರ ಜೊತೆ ನಡೆದು ಹೋಗಿ ಆ ಏರು ನೋಡಿದೆ. ನನ್ನ ಚಕ್ರ ಸುತ್ತಿದ ಕಡೆ ಗೀರು. ಒಂದು ಗೇಣು ಆಳ, ಒಂದೂವರೆ ಮಾರು ಉದ್ದ. ಅವರು ಏನೂ ಅನ್ನಲಿಲ್ಲ. ನಾನೇ ಗುದ್ದಲಿ ಎಲ್ಲಿದೆ ಅಂತ ಕೇಳಿದೆ.

ಭಾನುವಾರದ ಸಣ್ಣ ಸುತ್ತು ರದ್ದು. ಆರೂ ಜನ ಗುದ್ದಲಿ, ಬಾಣಲಿ ಹಿಡಿದು ಹೋದೆವು. ಗೀರಿಗೆ ಮೊದಲು ಕಲ್ಲು ತುಂಬಿ, ಮೇಲೆ ಮಣ್ಣು ಹಾಕಿ ತುಳಿದು, ಅಗಲ ಎಲೆ ಹೊದಿಸಿದೆವು. ಆಮೇಲೆ ರೈಟರ್ ಹೇಳಿದ ಹಾಗೆ ಏರಿನ ಅಡ್ಡಕ್ಕೆ ಓರೆಯಾಗಿ ಎರಡು ಸಣ್ಣ ಚರಂಡಿ ತೆಗೆದೆವು, ನೀರು ದಾರಿಯುದ್ದಕ್ಕೂ ಓಡದೆ ಪಕ್ಕಕ್ಕೆ ಹೋಗಲಿ ಅಂತ. ನಾನು ಅರ್ಧ ನಿಮಿಷ ಚಕ್ರ ಸುತ್ತಿಸಿದ್ದು. ಮುಚ್ಚಲು ಎರಡು ಗಂಟೆ, ಆರು ಜನ. ಅಂಗೈಯಲ್ಲಿ ಬೊಬ್ಬೆ ಬಂದದ್ದು ಬೈಕಿಂದಲ್ಲ, ಗುದ್ದಲಿಯಿಂದ.

ಲೆಕ್ಕ: ಮುರಿದ ಇಂಡಿಕೇಟರ್ ನಾಲ್ಕು, ಕನ್ನಡಿ ಒಂದು. ಲಿವರ್ ಒಂದೂ ಮುರಿಯಲಿಲ್ಲ. ಪಿಕಪ್ ಬೇಕಾಗಲಿಲ್ಲ.

ಕೆಸರಲ್ಲಿ_ಕಮಲ · ನವೆಂಬರ್ 4

ಕೈಯಲ್ಲಿ ಶಕ್ತಿ ಇಲ್ಲದಾಗ ಬೈಕ್ ಆಫ್ ಮಾಡಿ ಹತ್ತು ನಿಮಿಷ ಕೂರಬೇಕಿತ್ತು. ಮೇಲೆ ಕಾಯುವವರಿಗೆ ಬೀಡಿ ಸೇದಲು ಹೇಳಿ. ಒಂಬತ್ತು ಸಲ ಏನೂ ಜಾಸ್ತಿ ಅಲ್ಲ. ನನ್ನ ಮೊದಲ ರೈಡ್‌ನಲ್ಲಿ ಎಣಿಸುವುದನ್ನೇ ಬಿಟ್ಟಿದ್ದೆ.

ಮೂಳೆ_ಡಾಕ್ಟ್ರು · ನವೆಂಬರ್ 4

ಎಕ್ಸ್‌ರೇ ಇಲ್ಲದ ವರದಿ ಓದಿ ಸಂತೋಷ, ಸ್ವಲ್ಪ ನಷ್ಟ.

ಹೊಸಬ_ಹೊನ್ನಾಳಿ · ನವೆಂಬರ್ 5

ಸೂಪರ್ ಗುರು! ನಾವು ಎಂಟು ಜನ ಡಿಸೆಂಬರ್‌ಗೆ ಹೊರಟಿದ್ದೇವೆ. ಮ್ಯಾಪಿನಲ್ಲಿ ದಾರಿ ತೋರಿಸುವ ಜಿಪಿಎಕ್ಸ್ ಫೈಲ್ ಇಲ್ಲಿ ಹಾಕಿ ಪ್ಲೀಸ್.

ಮಣ್ಣುಗಾಲಿ · ನವೆಂಬರ್ 5

ಅದು ಹಾಕಲ್ಲ ಗುರು, ಬೇಜಾರು ಮಾಡಿಕೊಳ್ಳಬೇಡ. ಅದು ದಾರಿ ಅಲ್ಲ, ಮೂರು ಮನೆಯವರ ತೋಟ. ನೀನು ಹೊನ್ನಾಳಿಯವನು ಅಲ್ವಾ, ನಿನ್ನ ನೆಂಟರಿಷ್ಟರಲ್ಲಿ ತೋಟ ಇದ್ದವರು ಯಾರಾದರೂ ಇದ್ದೇ ಇರುತ್ತಾರೆ. ಅಲ್ಲಿ ಕೇಳು. ಮತ್ತೆ ಡಿಸೆಂಬರ್ ಬೇಡ, ಮೇಲೆ ಓದು.

ಹುಬ್ಳಿಹುಡುಗ · ನವೆಂಬರ್ 5

ಹೋದ ವಾರ ಜೋಯಿಡಾ ಕಡೆ ನಾವು ಯಾವಾಗಲೂ ಹತ್ತುವ ಗುಡ್ಡದ ಬುಡಕ್ಕೆ ಹೋಗಿದ್ದೆ. ಅಲ್ಲೊಂದು ಮನೆ ಇದೆ ಅಂತಲೇ ಹತ್ತು ವರ್ಷ ಗೊತ್ತಿರಲಿಲ್ಲರೀ. ಅಜ್ಜಿ ಒಬ್ಬರು ಇದ್ದಾರೆ. ಬೈಕ್ ಶಬ್ದ ಕೇಳಿದರೆ ಅವರ ಆಕಳು ಹಗ್ಗ ಕಿತ್ತುಕೊಂಡು ಓಡುತ್ತದಂತೆ. ಬೈದರು. ಆಮೇಲೆ ಮಜ್ಜಿಗೆ ಕೊಟ್ಟರು.

ಹೇಮಾವತಿ_ದಂಡೆ · ನವೆಂಬರ್ 9

ಮೊನ್ನೆ ರಾತ್ರಿ 1 ಇಂಚು 20 ಸೆಂಟ್ಸ್ ಬಿತ್ತು. ಬೆಳಗ್ಗೆ ಹೋಗಿ ನೋಡಿದೆ. ಮೇಲಿನ ಚರಂಡಿ ಸರಿ ಇದೆ, ನೀರು ಪಕ್ಕಕ್ಕೆ ಹೋಗಿದೆ. ಕೆಳಗಿನದು ಸ್ವಲ್ಪ ಕುಸಿದಿತ್ತು, ರೈಟರ್ ಸರಿ ಮಾಡಿದರು. ಮುಂದಿನ ವಾರ ಕೊಯ್ಲು ಶುರು.

ನಿಮ್ಮ ಭಾವನವರ ಒಂದು ಗ್ಲೌಸ್ ಕಣದ ಗೋಡೆ ಮೇಲೆ ಉಳಿದಿದೆ, ಎಡಗೈಯದು. ಬೆಂಗಳೂರಿಗೆ ಬರುವ ನೆಂಟರ ಕೈಯಲ್ಲಿ ಕಳಿಸಲೇ, ಇಲ್ಲಾ ಮುಂದಿನ ಅಕ್ಟೋಬರ್‌ವರೆಗೆ ಇಟ್ಟುಕೊಂಡಿರಲೇ?

ಮಣ್ಣುಗಾಲಿ · ನವೆಂಬರ್ 9

ಭಾವನನ್ನು ಕೇಳಿದೆ ಸರ್. ಅಲ್ಲೇ ಇರಲಿ ಅಂದರು.